ಎಡಗಡೆ ಏನಿದೆ?

ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೀಗ ರಿಪೇರಿ ಮಾಡುವವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಾರೆ. ಪಕ್ಕದ ಹಾರ್ಡ್‌ವೇರ್ ಅಂಗಡಿ ನನ್ನದು. ಇಪ್ಪತ್ತೆರಡು ವರ್ಷದಿಂದ ನಾನು ಬೀಗ ಮಾರುತ್ತೇನೆ, ಅವನು ತೆಗೆಯುತ್ತಾನೆ. ನನ್ನ ಸರಕಿನ ಯೋಗ್ಯತೆ ಅವನಷ್ಟು ಬಲ್ಲವರಿಲ್ಲ. ಪುಣ್ಯಕ್ಕೆ ಎಲ್ಲೂ ಬಾಯಿ ಬಿಟ್ಟಿಲ್ಲ.

ಅವನದೊಂದು ಹಟ. ಬೀಗದ ಕೈ ಕಳೆದುಕೊಂಡು ಯಾರೇ ಕರೆಯಲಿ, ಬಾಗಿಲ ಮುಂದೆ ನಿಂತು ಮೊದಲು ಕೇಳುವುದು ಒಂದೇ: "ಒಳಗೆ ಕಾಲಿಟ್ಟ ತಕ್ಷಣ ಎಡಗಡೆ ಏನಿದೆ?" ಒಳಗೆ ಬಾಳುವವರಿಗೆ ಅದು ಬಾಯಿಪಾಠ. ತಡವರಿಸಿದರೆ ಹತಾರದ ಚೀಲ ಅವನ ಹೆಗಲೇರಿತೆಂದೇ ಲೆಕ್ಕ. ಸ್ವಂತ ಭಾವಮೈದುನನನ್ನೂ ಹೀಗೇ ಯಾರದೋ ಮನೆ ಹೊಸಿಲ ಹೊರಗೇ ನಿಲ್ಲಿಸಿ ಬಂದಿದ್ದ. ಹೆಂಡತಿ ಒಂದು ವಾರ ಮಾತು ಬಿಟ್ಟಳು. "ಕಿವಿಗೆ ಸುಖವಾಗಿತ್ತು" ಎಂದ.

ಹೋದ ತಿಂಗಳು ಕಟ್ಟಡದ ಮಾಲೀಕರು ಅವನನ್ನು ಮೂರನೇ ಮಹಡಿಗೆ ಕರೆಸಿದರು. ಅಲ್ಲಿನ ನರ್ಸಮ್ಮನ ಕೋಣೆಯ ಮೇಲೆ ಅವರ ಅಳಿಯನ ಕಣ್ಣು ಬಿದ್ದಿತ್ತು. ಆಕೆ ಬಿಡಲೊಲ್ಲೆ ಎಂದಿದ್ದಳು. ಆಕೆ ಡ್ಯೂಟಿಗೆ ಹೋದ ಹೊತ್ತು ನೋಡಿ ಸಾಮಾನು ಹೊರಗೆ ಹಾಕಿಸುವ ಯೋಚನೆ. ತಮಾಷೆ ನೋಡಲು ನಾನೂ ಮೆಟ್ಟಿಲು ಹತ್ತಿದೆ.

"ತೆಗಿಯಯ್ಯಾ."

"ಎಡಗಡೆ ಏನಿದೆ ಯಜಮಾನ್ರೇ?"

"ಗೋಡೆ! ಕಟ್ಟಿಸಿದೋನು ನಾನು, ನಂಗೊತ್ತಿಲ್ವಾ?"

"ಗೋಡೆ ನಿಮ್ದೇ. ಗೋಡೆ ಮೇಲೆ ಏನು ನೇತುಹಾಕಿದ್ದಾರೆ, ಅದು ಹೇಳಿ."

"ನನ್ನ ಮೆಟ್ಟಿಲ ಕೆಳಗೆ ಕೂತು ನನಗೇ ಪಾಠನಾ? ತೆಗೀದಿದ್ರೆ ನಾಳೆ ನಿನ್ನ ಗೂಡಿಗೇ ಬೀಗ!"

"ಹಾಕಿ. ಒಳ್ಳೇದು ನೋಡಿ ಹಾಕಿ."

ಮರುದಿನ ಗೂಡಿಗೆ ಬೀಗ ಬಿದ್ದಿತ್ತು. ಅವನ ಹತಾರಗಳೆಲ್ಲ ಒಳಗೆ. ಬೀಗ ಮಾರಿದವನು ನಾನೇ. ಕೇಳಿದವರಿಗೆ ಇಲ್ಲ ಎನ್ನುವುದು ನನ್ನ ಧರ್ಮವಲ್ಲ. ಆನೆ ಎಳೆದರೂ ಬಿಚ್ಚದು ಎಂದು ಹೊಗಳಿಯೇ ಕೊಟ್ಟಿದ್ದೆ.

ಬೀಗದಣ್ಣ ಬಂದ. ಬೀಗ ನೋಡಿದ, ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ ಮೊಳೆ ಆರಿಸತೊಡಗಿದೆ.

"ಸಾಹುಕಾರ್ರೇ, ಒಂದು ಗೇಣು ತಂತಿ ಕೊಡಿ."

ಮಾಲೀಕರು ಮೆಟ್ಟಿಲ ಮೇಲಿಂದಲೇ ಗುಡುಗಿದರು: "ಕೊಟ್ರೆ ನಿಮ್ಮಂಗಡೀಗೂ ಇದೇ ಗತಿ!"

ನನ್ನ ಧರ್ಮ ಆಗಲೇ ಹೇಳಿದೆನಲ್ಲ. ಕೊಟ್ಟೆ.

ಅಷ್ಟರಲ್ಲಿ ಮೆಟ್ಟಿಲ ತುಂಬ ಬಾಡಿಗೆದಾರರು, ಯೂನಿಫಾರ್ಮಿನಲ್ಲೇ ನಿಂತ ನರ್ಸಮ್ಮ. ಬೀಗದಣ್ಣ ತನ್ನ ಬಾಗಿಲ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, ತನ್ನನ್ನೇ ಕೇಳಿಕೊಂಡ: "ಎಡಗಡೆ ಏನಿದೆ?" ತಾನೇ ಹೇಳಿದ: "ಬೀಗದ ಕೈ ಉಜ್ಜೋ ಅರದ ಪೆಟ್ಟಿಗೆ. ಅದರ ಮೇಲೆ ಅಂಚು ನೆಗ್ಗಿದ ಲೋಟ."

ಆನೆಗೆ ಜಗ್ಗದ ನನ್ನ ಬೀಗ ಒಂದು ಸೀನು ಸೀನುವಷ್ಟರಲ್ಲಿ ಬಾಯಿ ಬಿಟ್ಟಿತು. ಒಳಗೆ ಪೆಟ್ಟಿಗೆ, ಲೋಟ, ಹೇಳಿದ ಹಾಗೇ.

"ತಗೊಳ್ಳಿ ಯಜಮಾನ್ರೇ, ಗೀರೂ ಬಿದ್ದಿಲ್ಲ. ನಾಳೆ ಇನ್ನೊಂದು ಹಾಕಿ, ನಾಡಿದ್ದು ಮತ್ತೊಂದು. ಪಾಪ, ಸಾಹುಕಾರ್ರಿಗೂ ವ್ಯಾಪಾರ ಆಗ್ಲಿ."

ನರ್ಸಮ್ಮ ಅಲ್ಲೇ ಇದ್ದಾಳೆ. ಮಾಲೀಕರು ಬೀಗ ಬಿಟ್ಟು ನೋಟಿಸಿಗೆ ಇಳಿದಿದ್ದಾರೆ. ಗೂಡು ಖಾಲಿ ಮಾಡೆಂದು ಬಂದ ಕಾಗದವನ್ನು ಬೀಗದಣ್ಣ ಗೂಡಿನ ಎಡಗೋಡೆಗೇ ನಾಲ್ಕು ಮೊಳೆ ಹೊಡೆದು ಕೂರಿಸಿದ್ದಾನೆ.

ಮೊಳೆ ನನ್ನಂಗಡಿಯವು.