ಹತ್ತನೆಯ ತರಗತಿಗೆ ಸೀಟಿಲ್ಲ

ನನ್ನ ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ರಿಪೇರಿ ವಿಭಾಗದಲ್ಲಿದ್ದರು. ನಾವಿದ್ದದ್ದು ಹೊಸಪೇಟೆಯಲ್ಲಿ. ಒಂದು ದಿನ ಮೊದಲ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದವರು, ಕೈಕಾಲು ಕೂಡ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಮಾನಿನ ಕೆಲ್ಸ ಆತು ನೋಡು. ಫ್ಯಾಮಿಲಿ ವೀಸಾನೂ ಕೊಡ್ತಾರಂತ" ಅಂದರು.

ನಾನು ಒಲೆ ಆರಿಸಿದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಪಾಳಿ ಬದಲಾದಾಗಲೆಲ್ಲ ನಿದ್ದೆಗೆಟ್ಟ ಅವರ ಮುಖ ನೋಡಿ ನೋಡಿ ನನಗೂ ಸಾಕಾಗಿತ್ತು. ಆದರೆ ಮರುಕ್ಷಣವೇ ಬಾಯಿಂದ ಬಂದದ್ದು ಒಂದೇ ಮಾತು: "ಮಕ್ಕಳ ಸಾಲಿ?"

"ಅಲ್ಲೂ ಸಾಲಿ ಇರ್ತಾವ ಬಿಡು."

ಮಗ ಚಿಕ್ಕವನು, ಯುಕೆಜಿ ಮುಗಿಸಿ ಒಂದನೆಯ ತರಗತಿಗೆ ಸೇರಬೇಕಾದವನು. ಮಗಳು ಒಂಬತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ನಾವು ಹೋಗಬೇಕಾಗಿದ್ದ ಊರು ಸಮುದ್ರದ ಪಕ್ಕದ ಒಂದು ಬಂದರು. ಅಲ್ಲಿ ನಮ್ಮವರ ಮಕ್ಕಳು ಹೋಗುವ ಇಂಡಿಯನ್ ಶಾಲೆ ಒಂದೇ. ಇಂಗ್ಲಿಷರ ಪಠ್ಯ ಕಲಿಸುವ ಇನ್ನೊಂದು ಇತ್ತಾದರೂ ಅದು ಮ್ಯಾನೇಜರುಗಳ ಮಕ್ಕಳಿಗೆ. ನಾವು ಅದರ ಕಡೆ ನೋಡುವ ಹಾಗೇ ಇರಲಿಲ್ಲ.

ಆ ಊರಲ್ಲಿ ನಮ್ಮ ಕಡೆಯ, ಬಂಡ್ರಿಯ ಹೆಣ್ಣುಮಗಳೊಬ್ಬಳು ಇದ್ದಳು. ಅವಳ ಗಂಡನೂ ಮೊದಲು ತೋರಣಗಲ್ಲಿನಲ್ಲೇ ಇದ್ದವನು. ನಂಬರು ಹುಡುಕಿ ಫೋನ್ ಮಾಡಿದೆ. ಮುಖ ನೋಡದವಳಾದರೂ ಎಷ್ಟೋ ವರ್ಷದ ಗೆಳತಿಯ ಹಾಗೆ ಮಾತಾಡಿದಳು.

"ಸಣ್ಣಾವಂದು ಲಾಟರಿ ಅಕ್ಕಾ, ಚೀಟಿ ಎತ್ತಿದಂಗ. ಕಂಪ್ಯೂಟರ್‌ನ್ಯಾಗ ಎತ್ತತಾರ. ಬರತೈತಿ, ಚಿಂತಿ ಮಾಡಬ್ಯಾಡ್ರಿ. ದೊಡ್ಡಾಕಿ ಎಷ್ಟನೇತಿ?"

"ಈಗ ಒಂಬತ್ತು. ಅಲ್ಲಿಗೆ ಬಂದ್ರ ಹತ್ತು."

"ಸ್ಟೇಟ್ ಸಿಲಬಸ್ಸಾ?" ಅಂದಳು. ಹೌದೆಂದೆ. "ಅಕ್ಕಾ, ಸಾಲಿಯವರನ್ನ ಒಮ್ಮೆ ಕೇಳ್ರಿ" ಅಂದವಳು ಮಾತು ಬದಲಿಸಿ, ಬರುವಾಗ ಒಂದಿಷ್ಟು ಜೋಳದ ಹಿಟ್ಟು ತನ್ನಿ ಎಂದಳು.

ಕೇಳಿದೆವು. ಈಮೇಲ್ ಬರೆದೆವು, ಫೋನ್ ಮಾಡಿದೆವು. ಪ್ರತಿ ಸಲವೂ ಬೇರೆ ದನಿ, ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಎಲ್ಲರದೂ ಒಂದೇ ಉತ್ತರ. ತಮ್ಮ ಸೆಂಟ್ರಲ್ ಬೋರ್ಡಿನಲ್ಲಿ ಒಂಬತ್ತು ಮತ್ತು ಹತ್ತು ಸೇರಿ ಒಂದೇ ಕೋರ್ಸು. ಬೇರೆ ಬೋರ್ಡಿನಲ್ಲಿ ಒಂಬತ್ತು ಓದಿದವರನ್ನು ನೇರವಾಗಿ ಹತ್ತಕ್ಕೆ ತೆಗೆದುಕೊಳ್ಳುವಂತಿಲ್ಲ. ಬೇಕಾದರೆ ಮತ್ತೆ ಒಂಬತ್ತಕ್ಕೆ ಸೇರಿಸಿ. ಕನ್ನಡ ಇಲ್ಲ, ಹಿಂದಿ, ಮಲಯಾಳಂ, ಫ್ರೆಂಚ್‌ನಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನ ಗಂಡ ಸ್ಪೀಕರ್ ಹಾಕಿ ತಮಗೆ ಬರುವ ಇಂಗ್ಲಿಷಿನಲ್ಲಿ ಎಷ್ಟು ಬೇಡಿಕೊಂಡರೂ ಆ ಕಡೆಯ ಹೆಂಗಸು, "ನನ್ನ ಕೈಯಲ್ಲಿ ಏನೂ ಇಲ್ಲ ಸರ್" ಅಂದಳು. ಅದು ನಿಜವಿರಬೇಕು. ಯಾರ ಕೈಯಲ್ಲಿದೆ ಅನ್ನುವುದು ಮಾತ್ರ ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಮಗಳು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ನಾ ಪಾಸಾಗ್ತೀನಲ್ಲಪ್ಪಾ, ಮತ್ತ ಯಾಕ ಒಂಬತ್ನೇತ್ಯಾಗ ಕುಂದ್ರಬೇಕು? ಸಣ್ಣ ಹುಡುಗ್ರ ಜೋಡಿ?"

ಆಮೇಲೆ ನಾನು ಗಂಡನ ಹತ್ತಿರ, "ನೀವು ಮೊದಲ ಹೋಗ್ರಿ. ಇಕಿ ಹತ್ತನೇತಿ ಮುಗಿಸೋತನ ನಾವು ಇಲ್ಲೇ ಇರ್ತೀವಿ" ಅಂದೆ. ಆದರೆ ಒಮಾನಿನ ಕಂಪನಿಯ ನಿಯಮ ಬೇರೆ ಇತ್ತು. ಕೆಲಸಕ್ಕೆ ಸೇರಿದ ಕೆಲವೇ ತಿಂಗಳೊಳಗೆ ಸಂಸಾರ ಬಂದರೆ ಮನೆ, ವೀಸಾ ಅವರದು. ತಡವಾದರೆ ಎಲ್ಲ ನಮ್ಮ ತಲೆಯ ಮೇಲೆ. ಅಷ್ಟರಲ್ಲಿ ಲಾಟರಿಯಲ್ಲಿ ಮಗನ ಹೆಸರು ಬಂದುಬಿಟ್ಟಿತು. ಆ ಸೀಟು ಬಿಟ್ಟರೆ ಮುಂದಿನ ವರ್ಷ ಸಿಗುವ ಖಾತ್ರಿ ಇಲ್ಲ. ಒಬ್ಬರ ಶಾಲೆಗಾಗಿ ಹೋಗಬೇಕು, ಇನ್ನೊಬ್ಬರ ಶಾಲೆಗಾಗಿ ಉಳಿಯಬೇಕು.

ಸಂಡೂರಿನ ಕಡೆ ಒಂದು ವಸತಿ ಶಾಲೆ ಇದೆಯೆಂದು ಯಾರೋ ಹೇಳಿದರು. ಮಗಳನ್ನು ಕರೆದುಕೊಂಡು ನೋಡಲು ಹೋದೆವು. ದಾರಿಯುದ್ದಕ್ಕೂ ಅದಿರು ಲಾರಿಗಳ ಹಿಂದೆಯೇ ತೆವಳಿ, ಮುಟ್ಟುವಷ್ಟರಲ್ಲಿ ಮಗಳ ಬಿಳಿ ದುಪಟ್ಟಾ ಕೆಂಪಾಗಿತ್ತು. ಶಾಲೆ ಕೆಟ್ಟದ್ದೇನಲ್ಲ. ಗುಡ್ಡದ ತಪ್ಪಲು, ತಣ್ಣನೆಯ ಗಾಳಿ, ಸಾಲಾಗಿ ಕಬ್ಬಿಣದ ಮಂಚಗಳು. ಮಗಳು ವಾರ್ಡನ್ನರನ್ನು ಕೇಳಿದ್ದು ಒಂದೇ ಪ್ರಶ್ನೆ.

"ಫೋನ್ ಇಟ್ಕೋಬೋದಾ ಮೇಡಂ?"

"ಇಲ್ಲವಾ. ಭಾನುವಾರ ಆಫೀಸಿಂದ ಮಾತಾಡಬೋದು."

ಹಿಂದಿರುಗುವಾಗ ಗಂಡ, "ಹೆಂಗ ಅನಸ್ತವಾ?" ಎಂದು ಕೇಳಿದರು. "ನಿಮಗ ಹೆಂಗ ತಿಳೀತೈತೋ ಹಂಗ ಮಾಡ್ರಿ" ಅಂದಳು. ಒಂದು ಪೆನ್ನಿಗೂ ಜಗಳ ತೆಗೆಯುವ ಹುಡುಗಿ. ಹಟ ಮಾಡಿದ್ದರೆ ಬೈಯಬಹುದಿತ್ತು, ಸಮಾಧಾನ ಮಾಡಬಹುದಿತ್ತು. ಹೀಗೆ ಒಪ್ಪಿಕೊಂಡವಳ ಮುಂದೆ ನನಗೆ ಏನು ಮಾಡಲೂ ತೋಚಲಿಲ್ಲ.

ಕಡೆಗೆ ಈ ಗಂಟು ಬಿಡಿಸಿದವರು ನನ್ನ ಗಂಡನ ಅಕ್ಕ. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. "ಹಾಸ್ಟೆಲ್ ಯಾಕ ಬೇಕೋ, ನಾ ಸತ್ತೀನೇನು?" ಎಂದು ತಮ್ಮನಿಗೆ ಬೈದು, ಮಗಳು ತಮ್ಮ ಮನೆಯಲ್ಲಿರಲಿ, ಬಸ್ಸಿನಲ್ಲಿ ಹೊಸಪೇಟೆಗೆ ಅದೇ ಶಾಲೆಗೆ ಹೋಗಿಬರಲಿ ಎಂದು ತೀರ್ಮಾನ ಮಾಡಿಬಿಟ್ಟರು. ಮಗನ ವರ್ಗಾವಣೆ ಪತ್ರಕ್ಕೆ ಶಿಕ್ಷಣ ಇಲಾಖೆಯ ಮೊಹರು ಹಾಕಿಸಲು ನಾನು ಆ ಕಚೇರಿ ಈ ಕಚೇರಿ ಅಲೆಯುತ್ತಿದ್ದಾಗ, ಮಗಳು ತನ್ನ ಬಟ್ಟೆಗಳನ್ನು ತಾನೇ ಮಡಚಿ ಕಂಪ್ಲಿಗೆ ಒಯ್ಯುವ ಚೀಲಕ್ಕೆ ತುಂಬಿಕೊಂಡಳು.

ಒಮಾನಿನಲ್ಲಿ ಮಗ ಮೊದಲ ವಾರ ಶಾಲೆಯ ಗೇಟಿನ ಕಂಬ ಹಿಡಿದು ಬಿಡುತ್ತಿರಲಿಲ್ಲ. ಅವನ ಟೀಚರಿಗೆ ಕನ್ನಡ ಬಾರದು, ಅವನಿಗೆ ಬೇರೇನೂ ಬಾರದು. "ಒಂದಕ್ಕ ಹೋಗಬೇಕಂದ್ರ ಹೆಂಗ ಕೇಳ್ಬೇಕಮ್ಮಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದ, ದಿನಾ ಹೇಳಿಕೊಡುತ್ತಿದ್ದೆ. ಒದ್ದೆ ಚಡ್ಡಿಯಲ್ಲೇ ಮನೆಗೆ ಬರುತ್ತಿದ್ದ.

ಮಳೆಗಾಲದಲ್ಲಿ ಒಂದು ಸಂಜೆ ಮಗಳ ಫೋನ್ ಬಂತು. ಕಂಪ್ಲಿಯ ದಾರಿಯಲ್ಲಿ ಬಸ್ಸು ಕೆಟ್ಟು ಬುಕ್ಕಸಾಗರದ ಹತ್ತಿರ ನಿಂತಿದೆ, ಮಳೆ ಹೊಡೆಯುತ್ತಿದೆ. "ಅತ್ತಿ ಫೋನ್ ಎತ್ತವಲ್ರು, ಚಾರ್ಜ್ ಇಲ್ಲ" ಅಂದಳು, ಫೋನ್ ಸತ್ತಿತು. ನಾನು ಗಿರಣಿಗೆ ಮಾಡಿದೆ, ಮನೆಗೆ ಮಾಡಿದೆ, ಹೊಸಪೇಟೆಯ ಹಳೆಯ ನೆರೆಯವರಿಗೆ ಮಾಡಿದೆ. ಬುಕ್ಕಸಾಗರದಲ್ಲಿ ಒಬ್ಬರ ನಂಬರೂ ನನ್ನಲ್ಲಿರಲಿಲ್ಲ. ಕಿಟಕಿಯಾಚೆ ಬಿಸಿಲು ಇನ್ನೂ ಉರಿಯುತ್ತಿತ್ತು. ಮಗ ಹೋಂವರ್ಕ್ ಹಿಡಿದು ಬಂದರೆ ಅವನ ಮೇಲೆ ಕಿರುಚಿದೆ.

ಎಷ್ಟೋ ಹೊತ್ತಿನ ಮೇಲೆ ಅವಳೇ ಅತ್ತೆಯ ಫೋನಿನಿಂದ ಮಾಡಿದಳು. ನಾಟಿ ಮುಗಿಸಿ ಹೊರಟ ಹೆಂಗಸರು ತಮ್ಮ ಆಟೋದಲ್ಲಿ ಹತ್ತಿಸಿಕೊಂಡಿದ್ದರು. "ಮಸ್ತ್ ಹಾಡ್ಕೋಂತ ಬಂದ್ವಿ" ಎಂದು ನಕ್ಕಳು. ನನ್ನ ದನಿ ಕೇಳಿ, "ಯಾಕ ಅಳ್ತಿ? ಗೊತ್ತಾಗಿದ್ರೂ ನೀ ಅಲ್ಲಿಂದ ಏನ್ ಮಾಡ್ತಿದ್ದಿ?" ಅಂದಳು. ಚುಚ್ಚಿ ಅಂದದ್ದಲ್ಲ. ಇದ್ದದ್ದನ್ನು ಹೇಳಿದಳು.

ಹತ್ತನೆಯ ತರಗತಿ ಒಳ್ಳೆಯ ಅಂಕಗಳಲ್ಲಿ ಪಾಸಾದಳು. ಹನ್ನೊಂದಕ್ಕೆ ಬೋರ್ಡಿನ ತಕರಾರಿಲ್ಲ ಅಂತ ಒಮಾನಿನ ಶಾಲೆಯವರು ಹೇಳಿದ್ದರು. ಈಮೇಲ್, ಫೋನ್ ಎಲ್ಲ ಮುಗಿಸಿ ಸೀಟು ಖಾತ್ರಿಯಾದ ದಿನ ಕುಣಿಯುವಷ್ಟು ಸಂತೋಷದಿಂದ ಅವಳಿಗೆ ಹೇಳಿದೆ.

"ನಾ ಇಲ್ಲೇ ಪಿಯುಸಿ ಸೇರ್ತೀನಮ್ಮಾ" ಅಂದಳು.

"ಯಾಕವಾ?"

"ಫ್ರೆಂಡ್ಸ್ ಎಲ್ಲಾ ಇಲ್ಲೇ ಅದಾರ. ಅಲ್ಲಿ ಬಂದು ಮತ್ತ ಮೊದಲಿಂದ ಆಗಬೇಕು. ಬ್ಯಾಡ."

ಅವಳಪ್ಪ ಮಾತಾಡಿದರು, ಅತ್ತೆಯೂ ತಿಳಿಸಿ ಹೇಳಿದರು. ಅವಳು ಯಾರ ಮೇಲೂ ಸಿಟ್ಟು ಮಾಡಲಿಲ್ಲ, ಮಾತನ್ನೂ ಬದಲಿಸಲಿಲ್ಲ.

ಜೂನ್‌ನಲ್ಲಿ ಕಾಲೇಜಿಗೆ ಸೇರಿಸಲು ನಾನೇ ಊರಿಗೆ ಬಂದೆ. ನನಗಿಂತ ಎತ್ತರವಾಗಿದ್ದಳು. ಹೊಸಪೇಟೆಯ ಕಾಲೇಜಿನ ಕಚೇರಿಯಲ್ಲಿ ಸಾಲಿನಲ್ಲಿ ನಿಂತು ನಮ್ಮ ಸರದಿ ಬಂದಾಗ ಗುಮಾಸ್ತರು, "ಪಾಲಕರು ಯಾರ್ರಿ? ಏನಾರ ಆದ್ರ ಯಾರಿಗೆ ಫೋನ್ ಮಾಡಬೇಕು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅತ್ತೆಯ ಹೆಸರು, ನಂಬರು ಹೇಳಿದಳು.

ಅವರು ನನ್ನ ಕಡೆ ನೋಡಿ, "ಇವ್ರು?" ಅಂದರು.

"ಇವ್ರು ನಮ್ಮಮ್ಮ. ದೂರ ಇರ್ತಾರ ಸರ್. ಅತ್ತಿ ಆದ್ರ ಲಗೂನ ಬರ್ತಾರ."

ಅವರು ಹಾಗೇ ಬರೆದುಕೊಂಡರು. ನಾನು ಆಗಲೆಂದು ತಲೆಯಾಡಿಸಿದೆ. ಹೊರಗೆ ಬಂದಾಗ ಅವಳ ಗೆಳತಿಯರಿಬ್ಬರು ಕಾಯುತ್ತಿದ್ದರು. ಕ್ಲಾಸ್‌ರೂಮು ನೋಡಿಕೊಂಡು ಬರುತ್ತೇವೆ ಎಂದು ಮೂವರೂ ಮೆಟ್ಟಿಲು ಹತ್ತಿದರು. ನಾನೂ ಬರಲೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಕಚೇರಿಯ ಮುಂದಿನ ಬೆಂಚಿನಲ್ಲಿ, ಮಕ್ಕಳನ್ನು ಸೇರಿಸಲು ಬಂದ ಉಳಿದ ತಾಯಂದಿರ ನಡುವೆ ಜಾಗ ಮಾಡಿಕೊಂಡು ಕುಳಿತೆ.