ರಾಜಮ್ಮನ ಎಡಗಡೆ

ಮೊನ್ನೆ ಕೃಷ್ಣಗಿರಿಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿಕೊಂಡೆ. ಅಂಥದ್ದೇನಿಲ್ಲ, ವಯಸ್ಸಾಯಿತಲ್ಲ, ಅದಕ್ಕೆ. ಎದೆಗೆ ಸವರುವ ಆ ತಣ್ಣನೆಯ ಲೋಳೆ ನಿಮಗೂ ಗೊತ್ತಿರಬಹುದು, ಮೈಯೆಲ್ಲ ಜುಮ್ಮೆನ್ನುತ್ತದೆ. ಪರದೆಯ ಮೇಲೆ ನನ್ನ ಹೃದಯ ಬಾಯಿ ತೆರೆದು ಮುಚ್ಚುತ್ತಿತ್ತು. ನೋಡುತ್ತ ಮಲಗಿದ್ದವನಿಗೆ ನನ್ನ ಚಿಂತೆ ಬಿಟ್ಟು ಅಕ್ಕನ ನೆನಪಾಯಿತು.

ಅಕ್ಕ ಡಾಕ್ಟರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಹೊಸೂರಿನಲ್ಲಿ ಒಂದೇ ಮನೆಯಲ್ಲಿದ್ದೆವು. ನಾನು ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದೆ. ಅವಳು ಆಸ್ಪತ್ರೆಯಿಂದ ಬಂದವಳೇ ವೈದ್ಯಪತ್ರಿಕೆಗಳಿಗೆ ಲೇಖನ ಬರೆಯಲು ಕೂರುತ್ತಿದ್ದಳು. ಮಿದುಳಿನ ರಕ್ತನಾಳ, ಹೃದಯದ ಗೆಡ್ಡೆ, ಇವೆರಡು ಬಿಟ್ಟರೆ ಬೇರೆ ಮಾತಿಲ್ಲ. ಊಟದ ತಟ್ಟೆಯಲ್ಲೇ ನುಗ್ಗೇಕಾಯಿ ಹೋಳು ಜೋಡಿಸಿ ಯಾವ ನಾಳ ಎಲ್ಲಿ ಕವಲೊಡೆಯುತ್ತದೆಂದು ತೋರಿಸುವಳು. ಆಮೇಲೆ ನನಗೆ ಸಾರು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹತ್ತಿರದ ಬೇರಿಕೆ ಊರಿನ ರಾಜಮ್ಮ ಅವಳ ರೋಗಿ. ಚಿಕ್ಕ ವಯಸ್ಸಿನ ಹೆಂಗಸು, ಕನಕಾಂಬರ ಕಟ್ಟಿ ಸಂತೆಗೆ ಒಯ್ಯುತ್ತಿದ್ದವಳು. ಒಂದು ಬೆಳಿಗ್ಗೆ ಬಲಗೈ ದಾರ ಬಿಟ್ಟಿತು, ಮತ್ತೆ ಹಿಡಿಯಲಿಲ್ಲ. ಎಲ್ಲರೂ ತಲೆಯನ್ನೇ ನೋಡಿದರು, ಅಕ್ಕ ಎದೆಗೆ ಕಿವಿಗೊಟ್ಟಳು. ಹೃದಯದಲ್ಲೊಂದು ಗೆಡ್ಡೆ, ಅದರ ಚೂರು ಕಿತ್ತು ಮೇಲೆ ಹೋಗಿ ಮಿದುಳಿನ ಎಡಭಾಗದ ನಾಳ ಮುಚ್ಚಿತ್ತು. ಬೆಂಗಳೂರಿನಲ್ಲಿ ಗೆಡ್ಡೆ ತೆಗೆದರು. ಜೀವ ಉಳಿಯಿತು, ಕೈ ಬರಲಿಲ್ಲ. ಮೊದಲೇ ಒಂದೆರಡು ಸಲ ಆ ಕೈ ಜೋಮು ಹಿಡಿದಿತ್ತಂತೆ. ಆಗಲೇ ಯಾರಾದರೂ ಎದೆ ಪರೀಕ್ಷಿಸಿದ್ದರೆ ಅನ್ನುವುದು ಅಕ್ಕನನ್ನು ಸುಡುತ್ತಿತ್ತು. ಸಣ್ಣ ಊರಿನ ಡಾಕ್ಟರುಗಳಿಗೆ ತಿಳಿಯಲೆಂದೇ ಅವಳು ರಾಜಮ್ಮನ ವಿಷಯ ಬರೆದದ್ದು. ಪತ್ರಿಕೆಯವರು ಎರಡು ಸಲ ವಾಪಸು ಕಳಿಸಿದರು.

"ಸಾಕು ಬುಡಕ್ಕ, ಬ್ಯಾರೆ ಲೇಖನ ಬಂದವಲ್ಲ," ಅಂದೆ.

"ಬುಡಾಕಾಯ್ತದಾ? ಇನ್ನೊಬ್ಳ ಕೈ ಬಿದ್ದೋದ್ಮ್ಯಾಕೆ ಬರೀಲಾ?"

ಮೂರನೆಯ ಸಲ ಕಳಿಸಿದಾಗ ಮಿದುಳಿನ ನಾಳಗಳ ಸ್ಪಷ್ಟವಾದ ಚಿತ್ರವೊಂದು ಬೇಕೆಂದರು. ಮನೆಯಲ್ಲೇ ನಕ್ಷೆಗಾರನಿರುವಾಗ ಯೋಚನೆಯೇನು? ನಾನು ಎದೆಯುಬ್ಬಿಸಿ ಕೂತೆ. ಕಾರ್ಖಾನೆಯಲ್ಲಿ ನಾವು ಎಂಥ ಬಿಡಿಭಾಗವಾದರೂ ಅರ್ಧ ಮಾತ್ರ ಬರೆಯುವವರು. ಉಳಿದರ್ಧವನ್ನು ಕಂಪ್ಯೂಟರೇ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಹಾಕುತ್ತದೆ. ಮಿದುಳಿಗೂ ಹಾಗೇ ಮಾಡಿದೆ. ಬಲಗಡೆ ಬರೆದೆ, ಎಡಕ್ಕೆ ಮಗುಚಿದೆ. ರಂಗೋಲಿಯಷ್ಟು ಚೆಂದ ಬಂತು.

ಅಕ್ಕ ನೋಡಿದಳು. "ಇದ್ಯಾರ ತಲೆ?"

"ರಾಜಮ್ಮಂದು."

"ಅಲ್ಲ ಕಣ್ಲಾ, ಇದು ನಿಮ್ ಫ್ಯಾಕ್ಟ್ರಿ ಮಾಲು. ಅವ್ಳ ಎಡಗಡೆ ಹಿಂಗಿದ್ದಿದ್ರೆ ಅವ್ಳು ಇವತ್ತೂ ಹೂ ಕಟ್ತಿದ್ಲು."

ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ರಕ್ತ ದಾಟಿಸುವ ನಾಳವೊಂದಿದೆ. ರಾಜಮ್ಮನ ತಲೆಯಲ್ಲಿ ಅದು ಎಡಕ್ಕೆ ಬರುತ್ತಲೇ ದಾರದಷ್ಟು ಸಣ್ಣದಾಗಿತ್ತು. ಕೈ ಯಾಕೆ ಮರಳಲಿಲ್ಲವೆಂದು ಅಕ್ಕ ಲೇಖನದಲ್ಲಿ ವಿವರಿಸಿದ್ದೆಲ್ಲ ನಿಂತದ್ದೇ ಅದರ ಮೇಲೆ. ನಾನು ಅದನ್ನೇ ದಪ್ಪ ಮಾಡಿಬಿಟ್ಟಿದ್ದೆ. ಭಾನುವಾರ ಪೂರ್ತಿ ರಾಜಮ್ಮನ ತಲೆಯ ಸ್ಕ್ಯಾನ್ ಫಿಲ್ಮನ್ನು ಕಿಟಕಿಗೆ ಹಿಡಿದು ಎಡಗಡೆಯನ್ನು ಬೇರೆಯಾಗಿ ಬರೆದೆ. ಅಕ್ಕ ತಪ್ಪು ತೋರಿಸಿದಳು, ಅಳಿಸಿದೆ, ಮತ್ತೆ ಬರೆದೆ. ಕೊನೆಗೂ ಲೇಖನ ಅಚ್ಚಾಯಿತು.

ರಾಜಮ್ಮ ಆಸ್ಪತ್ರೆಗೆ ಬಂದವಳು ಮನೆಗೂ ಬಂದಾಗ ಅಕ್ಕ ಆ ಪುಟ ತೆರೆದು ಕೊಟ್ಟಳು. ಇಂಗ್ಲಿಷು ಅವಳಿಗೆ ಬರುವುದಿಲ್ಲ. ಎಡಗೈ ಬೆರಳನ್ನು ಚಿತ್ರದ ಮೇಲೆ ಮೆಲ್ಲಗೆ ಸರಿಸಿ, ಆ ಸಣ್ಣ ಗೆರೆಯ ಹತ್ತಿರ ನಿಂತಳು.

"ಇಲ್ಲೇನಮ್ಮ, ನಿಂತೋಗಿದ್ದು?"

"ಇಲ್ಲೇ ರಾಜಮ್ಮ."

ಅವಳು ಬೆರಳು ತೆಗೆಯಲಿಲ್ಲ. "ಎಲ್ರಿಗೂ ಕಾಣಂಗೈತೆ ಬುಡಮ್ಮ," ಅಂದಳು. ನನಗೆ ಅಳು ಬಂತು, ಎದ್ದು ಒಳಗೆ ಹೋದೆ.

ಮೊನ್ನೆಯ ಸ್ಕ್ಯಾನಿನಲ್ಲಿ ದೋಷವೇನೂ ಇಲ್ಲ. ಹೇಳೋಣವೆಂದು ಅಕ್ಕನಿಗೆ ಫೋನು ಮಾಡಿದೆ. ಅವಳು ನಿವೃತ್ತಳಾಗಿ ವರ್ಷಗಳಾದವು, ಬರೆಯುವುದು ಬಿಟ್ಟಿಲ್ಲ. ಜವಳಗಿರಿ ಕಡೆಯ ಒಬ್ಬನಿಗೆ ಅದೇ ಗೆಡ್ಡೆಯಂತೆ. ಜೋಮು ಹಿಡಿದಾಗಲೇ ಅಲ್ಲಿಯ ಡಾಕ್ಟರು ಎದೆ ನೋಡಿ ಬೆಂಗಳೂರಿಗೆ ಕಳಿಸಿದರಂತೆ, ಕೈ ಉಳಿಯಿತಂತೆ. "ಇದ್ನೂ ಬರೀತೀನಿ. ಚಿತ್ರ ಬೇಕು ಕಣ್ಲಾ," ಅಂದಳು.

"ಕಣ್ಣು ಮಂಜಾಗೈತೆ ಅಕ್ಕ."

"ಮೆಲ್ಲಗೆ ಬರಿ."

ನಿನ್ನೆ ಶುರು ಮಾಡಿದೆ. ಬಲಗಡೆ ಮುಗಿಯಿತು. ನಾಳೆ ಬೆಳಕು ಬಂದ ಮೇಲೆ ಎಡಗಡೆಯನ್ನು ಮೊದಲಿನಿಂದ ಬರೆಯಬೇಕು.