ಮೈಕು ತೆರೆದಿಟ್ಟುಕೊಂಡು ಕಡಬಕ್ಕೆ ಹೋದದ್ದು

ಆಗ ನನಗೆ ಎಪ್ಪತ್ತೊಂದು. ಹೋದ ವರ್ಷದ ಮಾತು, ಮಳೆ ಬಿಟ್ಟು ತಿಂಗಳಾಗಿತ್ತು. ಸೋಮವಾರ ಬೆಳಿಗ್ಗೆ ಗಂಜಿ ಕುಡಿದು ಅಜ್ಜಾವರದಿಂದ ಹೊರಟೆ. ಸುಳ್ಯದವರೆಗೆ ಆಟೋ, ಅಲ್ಲಿಂದ ಪುತ್ತೂರಿಗೆ ಸರಕಾರಿ ಬಸ್ಸು. ಹೆಂಗಸರು ಆಧಾರ್ ತೋರಿಸಿದರೆ ಸಾಕು, ಟಿಕೇಟಿಗೆ ದುಡ್ಡಿಲ್ಲ. ದಾರಿ ಒಂದು ಗಂಟೆಯದ್ದು, ನಡುವೆ ಎಲ್ಲಾದರೂ ರಸ್ತೆ ಅಗೆದಿದ್ದರೆ ಹೆಚ್ಚು.

ಹೋಗುವ ಕೆಲಸ, ಪುತ್ತೂರಿನಲ್ಲಿ ತಂಗಿಯ ಔಷಧಿ ತೆಗೆದು ಅವಳ ಮನೆಗೆ ಮುಟ್ಟಿಸುವುದು. ನನ್ನ ತಂಗಿ ಲೀಲಾಳಿಗೆ ಎರಡೂ ಕಿಡ್ನಿ ಹೋಗಿದೆ. ಅವಳ ಮನೆ ಕಡಬದಿಂದ ಮೇಲೆ, ರಬ್ಬರ್ ಗುಡ್ಡದಲ್ಲಿ. ಆ ಕಡೆಯ ಐದು ಮಂದಿ ರೋಗಿಗಳು ಮಂಗಳವಾರ, ಶುಕ್ರವಾರ ಒಂದೇ ಜೀಪಿನಲ್ಲಿ ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗುತ್ತಾರೆ. ಜೀಪು ಹಮೀದನದ್ದು. ಯಾರು ಎಷ್ಟು ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಬೇಕು ಎಂದು ಎಲ್ಲರಿಗೂ ಫೋನು ಮಾಡುತ್ತಿದ್ದವಳು ನಾನು. ಒಬ್ಬರು ಎತ್ತುವುದಿಲ್ಲ, ಇನ್ನೊಬ್ಬರು ಎತ್ತಿದರೆ ಇಡುವುದಿಲ್ಲ. ಪುತ್ತೂರಿನ ದರ್ಬೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಹುಡುಗಿಯೊಬ್ಬಳು ನನ್ನ ಫೋನಿಗೆ ಪ್ರೋಗ್ರಾಂ ಬರೆಯುವ ಎಐ ಹಾಕಿಕೊಟ್ಟಳು. ಬಾಯಲ್ಲಿ ಹೇಳಿದರೆ ಸಾಕು, ಅದು ಬರೆಯುತ್ತದೆ. ನನಗೆ ನಾಲ್ಕನೇ ಕ್ಲಾಸಿನ ಅಕ್ಷರ ಮಾತ್ರ ಗೊತ್ತು, ಹೇಳಲಿಕ್ಕೆ ಅಷ್ಟೂ ಬೇಕಾಗಿಲ್ಲ. ಎರಡು ವಾರದಲ್ಲಿ ಐದು ಜನರಿಗೂ ಹಮೀದನಿಗೂ ತಾನಾಗಿ ಕರೆ ಹೋಗುವ ಹಾಗೆ ಮಾಡಿಸಿದೆ.

ಹೇಳುವ ಕ್ರಮ ಒಂದು ನಾನೇ ಮಾಡಿಕೊಂಡದ್ದು. ಮನೆಯಲ್ಲಿ ನಾವು ಅರೆಭಾಷೆ, ಅಂಗಡಿಯಲ್ಲಿ, ಬಸ್ಸಿನಲ್ಲಿ ತುಳು. ಅವೆರಡೂ ಅದರ ತಲೆಗೆ ಹೋಗುವುದಿಲ್ಲ, ಸುಮ್ಮನೆ ಇರುತ್ತದೆ. ಕನ್ನಡ ನಾನು ಆಡುವುದು ಅದರ ಹತ್ತಿರ ಮಾತ್ರ. ಹಾಗಾಗಿ ಪ್ರತಿ ಸಲ ಮೈಕು ಮುಚ್ಚುವ, ತೆರೆಯುವ ರಗಳೆ ಇಟ್ಟುಕೊಳ್ಳಲಿಲ್ಲ. ಕುತ್ತಿಗೆಗೆ ಹಾಕುವ ಇಯರ್‌ಫೋನು ಬೆಳಿಗ್ಗೆ ಹಾಕಿದರೆ ಸಂಜೆ ತೆಗೆಯುವುದು. ಕಂಡಕ್ಟರ್ "ಒಡೆಗ್?" ಎಂದು ಕೇಳಿದ, ನಾನು "ಪುತ್ತೂರುಗು" ಎಂದೆ. ಅದು ಬಾಯಿ ಬಿಡಲಿಲ್ಲ. ಕರೆ ಎತ್ತದವರಿಗೆ ಮತ್ತೆರಡು ಸಲ ಮಾಡುವ ಹಾಗೆ ಪ್ರೋಗ್ರಾಂ ತಿದ್ದಲು ಕನ್ನಡದಲ್ಲಿ ಹೇಳಿದೆ, ತಿದ್ದಿ ಓದಿ ಹೇಳಿತು.

ಜಾಲ್ಸೂರಿನಲ್ಲಿ ಒಬ್ಬಳು ಹತ್ತಿದಳು. ಕೈಯಲ್ಲಿ ಎರಡು ಚೀಲ, ಬೆವರು.

"ಅಜ್ಜಿ, ಇಲ್ಲಿ ಯಾರರ ಕುಂತಾರೇನ್ರಿ?"

ಘಟ್ಟದ ಮೇಲಿನವಳು, ಬಾಗಲಕೋಟೆ ಕಡೆ. ಇಲ್ಲಿ ಶಾಲೆಗೆ ಟೀಚರಾಗಿ ಬಂದವಳು. ತುಳು ಬಾರದು. ನಾನು ಇಯರ್‌ಫೋನು ಕಿವಿಯಿಂದ ತೆಗೆದು ಎದೆಯ ಮೇಲೆ ಇಳಿಬಿಟ್ಟು ಅವಳೊಡನೆ ಕನ್ನಡದಲ್ಲಿ ಮಾತಾಡಿದೆ. ಬಾಡಿಗೆ ಮನೆ ಸಿಕ್ಕಿದೆ ಎಂದಳು.

"ನಾಳೆ ಹಾಲು ಉಕ್ಕಸ್ಬೇಕಂತ ಮಾಡೇನ್ರಿ."

"ಮಂಗಳವಾರ ಬೇಡ. ಬುಧವಾರಕ್ಕೆ ಹಾಕಿ."

"ಗಾಡಿ ನಾಳೆ ಬರ್ತೈತಲ್ರಿ, ಸಾಮಾನು ಹೊತ್ಗೊಂಡು?"

"ಗಾಡಿಯವನಿಗೆ ನಾಳೆ ಬರುವುದು ಬೇಡ ಅಂತ ಹೇಳಿ."

"ಆಜೂಬಾಜೂ ಮಂದೀಗೂ ಹೇಳ್ಬೇಕೇನ್ರಿ? ನನಗ ಯಾರೂ ಗುರ್ತಿಲ್ಲ."

"ಎಲ್ಲರಿಗೂ ಹೇಳಿ. ಒಬ್ಬರನ್ನೂ ಬಿಡಬೇಡಿ."

ಅವಳು ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೊಟ್ಟಳು. ಖಾರ ಜಾಸ್ತಿ, ರುಚಿ ಇತ್ತು. ಕುಂಬ್ರದಲ್ಲಿ ಇಳಿದು ಹೋದಳು.

ಪುತ್ತೂರಿನಲ್ಲಿ ಬಿಸಿಲು ಬೆನ್ನು ಸುಡುತ್ತಿತ್ತು. ಆಸ್ಪತ್ರೆಗೆ ಹೋಗಿ ಲೀಲಾಳ ಹೊಸ ಔಷಧಿ ತೆಗೆದುಕೊಂಡೆ. ಡಯಾಲಿಸಿಸ್ ನರ್ಸು ನನ್ನನ್ನು ಬದಿಗೆ ಕರೆದು ತುಳುವಿನಲ್ಲಿ ಹೇಳಿದಳು.

"ಅಮ್ಮ, ನಿಮ್ಮ ತಂಗಿಗೆ ಶುಕ್ರವಾರವೇ ಕಾಲು, ಮುಖ ಎಲ್ಲ ಬಾತಿತ್ತು. ನೀರು ಕುಡಿಯುದು ಬಿಡುದಿಲ್ಲ ಅವರು. ನಾಳೆ ಮಾತ್ರ ತಪ್ಪಿಸ್ಬೇಡಿ. ನೀರು ಶ್ವಾಸಕೋಶಕ್ಕೆ ಹೋದರೆ ಕಷ್ಟ ಉಂಟು."

"ಎಂತಕ್ಕೆ ತಪ್ಪುದು? ಜೀಪು ಉಂಟಲ್ಲ," ಎಂದೆ.

ಹೋಟೆಲಿನಲ್ಲಿ ಊಟ ಮಾಡಿದೆ, ಸಾರು ತಣ್ಣಗೆ. ಮಧ್ಯಾಹ್ನದ ಬಸ್ಸು ಸವಣೂರು ದಾಟಿ, ಶಾಂತಿಮೊಗೇರಿನಲ್ಲಿ ಹೊಳೆ ದಾಟಿ, ಆಲಂಕಾರಿನ ಮೂಲಕ ಕಡಬಕ್ಕೆ ಹೋಯಿತು. ನಿದ್ದೆ ಮಾಡಿದೆ.

ಕಡಬದಲ್ಲಿ ಇಳಿದಾಗ ಹಮೀದ ಜೀಪಿನ ಹಿಂದಿನ ಸೀಟು ಬಿಚ್ಚುತ್ತಿದ್ದ.

"ಎಂತ ಮಾರಾಯ, ಸೀಟು ಎಂತಕ್ಕೆ ತೆಗೆಯುದು?" ನಮ್ಮ ಮಾತು ತುಳುವಿನಲ್ಲಿ, ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನಾಳೆ ರಬ್ಬರ್ ಶೀಟಿನ ಲೋಡು ಒಪ್ಪಿಕೊಂಡೆ ದೇವಕಕ್ಕ. ನೀವೇ ಹೇಳಿದ್ದಲ್ಲ, ನಾಳೆ ಗಾಡಿ ಬೇಡ, ಬುಧವಾರ ಅಂತ."

"ನಾನಾ?"

"ನಿಮ್ಮ ಫೋನಿಂದಲೇ ಬಂತು. ಬೆಳಿಗ್ಗೆ."

ಇಯರ್‌ಫೋನು ಕಿವಿಗೆ ಹಾಕಿ ಕನ್ನಡದಲ್ಲಿ ಕೇಳಿದೆ. ಅದು ಸಾವಕಾಶ ಹೇಳಿತು. "ಮಂಗಳವಾರ ಬೇಡ, ಬುಧವಾರಕ್ಕೆ ಹಾಕಿ ಎಂದು ನೀವು ಹೇಳಿದಿರಿ. ಗಾಡಿಯವರಿಗೆ ಬರುವುದು ಬೇಡ ಎಂದು ಹೇಳಲು ಹೇಳಿದಿರಿ. ಎಲ್ಲರಿಗೂ ತಿಳಿಸಲೇ ಎಂದು ಕೇಳಿದೆ. ಒಬ್ಬರನ್ನೂ ಬಿಡಬೇಡಿ ಎಂದಿರಿ. ಆರು ಕರೆಗಳೂ ತಲುಪಿವೆ."

ಅದು ಆ ಪ್ರಶ್ನೆ ಕೇಳಿದ್ದು ಇಳಿಬಿಟ್ಟ ಇಯರ್‌ಫೋನಿನಲ್ಲಿ. ನಾನು ಉತ್ತರ ಕೊಟ್ಟದ್ದು ಟೀಚರಿಗೆ.

"ಅದು ನಿನಗೆ ಹೇಳಿದ್ದಲ್ಲ. ಮೊದಲಿನ ಹಾಗೆ ಮಂಗಳವಾರಕ್ಕೆ ಮಾಡು. ಎಲ್ಲರಿಗೂ ಈಗಲೇ ಕರೆ ಮಾಡು," ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಹಾರನ್ನು, ಮೀನಿನವನ ಕೂಗು. ಎರಡು ಸಲ ಹೇಳಬೇಕಾಯಿತು. ನಾಲ್ಕು ಮಂದಿ ಎತ್ತಿದರು. ಲೀಲಾ ಎತ್ತಲಿಲ್ಲ. ಮತ್ತೆ ಮಾಡಿತು. ಮತ್ತೂ ಎತ್ತಲಿಲ್ಲ. ಅವಳ ಮನೆಯಲ್ಲಿ ಕೋಳಿಗೂಡಿನ ಹತ್ತಿರ ಮಾತ್ರ ರೇಂಜು ಸಿಗುವುದು.

"ಸೀಟು ಹಾಕು," ಎಂದೆ ಹಮೀದನಿಗೆ.

"ಲೋಡಿನವನಿಗೆ ಎಂತ ಹೇಳುದು?"

"ನಿನ್ನ ಬಾಯಿ ನಿನ್ನ ಹತ್ತಿರ ಉಂಟಲ್ಲ, ಏನಾದ್ರೂ ಹೇಳು."

ಅವನು ಬೈದುಕೊಂಡೇ ಸೀಟು ಹಾಕಿದ. ಗುಡ್ಡಕ್ಕೆ ಹೋಗುವ ದಾರಿ ಅರ್ಧ ಕಾಂಕ್ರೀಟು, ಅರ್ಧ ಕಲ್ಲು. ಜೀಪು ಎರಡು ಕಡೆ ಹಿಂದೆ ಜಾರಿತು. ನಾನು ಕಂಬಿ ಹಿಡಿದು ಕೂತೆ.

ಲೀಲಾ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ. ಕಣ್ಣಿನ ಕೆಳಗೆ ಬಾತು ಮುಖ ಬೇರೆಯವಳದ್ದಾಗಿತ್ತು. ಅವಳ ಗಂಡ, ನನ್ನ ಭಾವ, ಅಡಿಕೆ ಹಾಳೆಯಲ್ಲಿ ಗಾಳಿ ಬೀಸುತ್ತಿದ್ದ.

"ಬೆಳಿಗ್ಗೆ ಹೇಗೋ ಹೋದೆ, ಈಗ ಕೋಳಿಗೂಡಿನವರೆಗೆ ನಡೆಯಲಿಕ್ಕೆ ಆಗುದಿಲ್ಲ ಅಕ್ಕ," ಎಂದಳು. ಒಂದೊಂದು ಮಾತಿಗೆ ನಿಂತು ಉಸಿರೆಳೆದಳು. "ಬುಧವಾರ ಅಂದೆಯಲ್ಲ. ಅಲ್ಲಿಯವರೆಗೆ ಹೇಗಾದ್ರೂ ಕೂತುಕೊಳ್ಳುವ ಅಂತ."

"ಬುಧವಾರ ಇಲ್ಲ, ನಾಳೆಯೂ ಇಲ್ಲ. ಈಗ ಹೋಗುದು. ಏಳು."

"ನಿನ್ನ ಯಂತ್ರ ಹಾಗೆ ಹೇಳ್ತದೆ, ನೀನು ಹೀಗೆ."

"ಈಗ ಹೇಳುದು ನಾನು. ಜಗಳ ಮಾಡ್ಲಿಕ್ಕೆ ಉಸಿರು ಉಂಟಾ ನಿನಗೆ?"

ಭಾವ, ಹಮೀದ ಸೇರಿ ಕುರ್ಚಿಯಲ್ಲಿ ಕೂರಿಸಿ ಎತ್ತಿ ಜೀಪಿನ ಮುಂದಿನ ಸೀಟಿಗೆ ಇಳಿಸಿದರು. ನಾನು ಹಿಂದೆ ಕೂತು ಅವಳ ಹೆಗಲು ಹಿಡಿದುಕೊಂಡೆ. ಬಂದ ದಾರಿಯಲ್ಲೇ ವಾಪಸು. ಸಂಜೆ, ತಂಪು ಗಾಳಿ. ಅವಳ ಎದೆಯಲ್ಲಿ ನೀರಿನ ಸದ್ದು ಜೀಪಿನ ಸದ್ದಿನ ಮೇಲೆ ಕೇಳುತ್ತಿತ್ತು. ಸೇತುವೆ ದಾಟುವಾಗ ಆ ಸದ್ದು ನಿಂತಿತು. ನಾನು ಅವಳ ಹೆಗಲಿಗೆ ಜೋರಾಗಿ ಗುದ್ದಿದೆ.

"ಎಂತಕ್ಕೆ ಹೊಡೆಯುದು?" ಎಂದಳು.

"ಉಸಿರಾಡು."

ಸವಣೂರಿನ ನಂತರ ಹಮೀದ ಎಲ್ಲಿಯೂ ಬ್ರೇಕು ಒತ್ತಲಿಲ್ಲ.

ಆಸ್ಪತ್ರೆಯಲ್ಲಿ ಅದೇ ನರ್ಸು ಮನೆಗೆ ಹೊರಟು ಚಪ್ಪಲಿ ಹಾಕುತ್ತಿದ್ದಳು. ಲೀಲಾಳ ಮುಖ ನೋಡಿ ಚಪ್ಪಲಿ ಬಿಟ್ಟಳು. ಆಮ್ಲಜನಕ ಹಾಕಿ ಒಳಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಉಳಿದ ನಾಲ್ವರನ್ನು ತರಲು ಹಮೀದ ಚಹಾ ಕುಡಿದು ಕಡಬಕ್ಕೆ ತಿರುಗಿದ.

ನಾನು ವರಾಂಡದ ಬೆಂಚಿನಲ್ಲಿ ಕೂತು ಫೋನಿಗೆ ಹೇಳಿದೆ. "ದಿನ ಬದಲಿಸುವ ಮಾತು ಬಂದರೆ ಯಾರಿಗೂ ಕರೆ ಮಾಡಬಾರದು. ಮೊದಲು ನನ್ನ ಫೋನು ರಿಂಗಾಗಬೇಕು. ನಾನು ಬೆರಳಿನಲ್ಲಿ ಒತ್ತಿದರೆ ಮಾತ್ರ ಮುಂದೆ ಹೋಗುವುದು. ಹಾಗೆ ಬರೆ." ಬರೆಯಿತು. ಪರೀಕ್ಷೆ ಮಾಡಲು, ನಾಳೆ ಜೀಪು ಬೇಡ ಎಂದೆ. ಫೋನು ರಿಂಗಾಯಿತು. ಒತ್ತಲಿಲ್ಲ. ಹಮೀದನಿಗೆ ಫೋನು ಮಾಡಿ ಕೇಳಿದೆ, ಅವನಿಗೆ ಯಾವ ಕರೆಯೂ ಬಂದಿರಲಿಲ್ಲ. ಆಮೇಲೆ ಮೈಕು ಮುಚ್ಚಿದೆ.

ಬಹಳ ಹೊತ್ತಿನ ಮೇಲೆ ನರ್ಸು ಹೊರಗೆ ಬಂದು, "ಮೂರು ಲೀಟರ್ ತೆಗೆದೆವು. ಈಗ ಮಲಗಿದ್ದಾರೆ, ಚಪ್ಪಟೆ ಮಲಗಿದ್ದಾರೆ," ಎಂದಳು.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಲೀಲಾ ಚಹಾ ಕೇಳಿದಳು. ಕ್ಯಾಂಟೀನಿನಿಂದ ಒಂದು ಗ್ಲಾಸು ತಂದು, ನರ್ಸು ಹೇಳಿದ ಹಾಗೆ ಅವಳಿಗೆ ಕಾಲು ಭಾಗ ಬಗ್ಗಿಸಿ ಕೊಟ್ಟೆ. ಮುಕ್ಕಾಲು ಅವಳ ಎದುರಲ್ಲೇ ನಾನು ಕುಡಿದೆ.